ನದಿ–ಕೆರೆಗಳ ಪರಿಸರ ಅಧಿಕಾರಿಯಾಗಲು ಹೊರಟವರಿಗೆ: ಉತ್ತರ ಕನ್ನಡದಿಂದ ಕೆಲವು ಅನುಭವಗಳು

ಪ್ರಶ್ನೆ (ಕುಮಟಾ ತಾಲ್ಲೂಕಿನ ಪದವೀಧರೆ)

ಹಿರಿಯರಿಗೆ ನಮಸ್ಕಾರ. ನಾನು ಪರಿಸರ ಎಂಜಿನಿಯರಿಂಗ್ ಪದವಿ ಮುಗಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಾಯಕ ಪರಿಸರ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ಪಠ್ಯದಲ್ಲಿರುವುದು ಓದಿದರೆ ಸಿಗುತ್ತದೆ. ಆದರೆ ನಮ್ಮ ಜಿಲ್ಲೆಯ ಹೊಳೆ, ಅಳಿವೆ (ಹೊಳೆ ಕಡಲನ್ನು ಸೇರುವ ಜಾಗ), ಕೆರೆಗಳ ನಡುವೆ ಈ ಕೆಲಸ ದಿನನಿತ್ಯ ಹೇಗಿರುತ್ತದೆ, ಹೊಸಬರು ಮೊದಲು ಏನನ್ನು ಕಲಿಯಬೇಕು, ಒತ್ತಡ ಬಂದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕೆಲಸ ಮಾಡಿದವರಿಂದಲೂ ಹತ್ತಿರದಿಂದ ಕಂಡವರಿಂದಲೂ ತಿಳಿಯಬೇಕೆಂದಿದೆ. ಹೆಣ್ಣುಮಗಳು ಒಬ್ಬಳೇ ಹೊಳೆದಂಡೆ, ಕಾರ್ಖಾನೆ ಎಂದು ತಿರುಗಬೇಕಾಗುತ್ತದೆಯಲ್ಲ ಎಂಬ ಚಿಂತೆ ಮನೆಯವರಿಗೂ ಇದೆ. ದಯವಿಟ್ಟು ಅನುಭವ ಹಂಚಿಕೊಳ್ಳಿ.

ಉತ್ತರ (ಕಾರವಾರ, ನಿವೃತ್ತ ಅಧಿಕಾರಿ)

ತಂಗಿ, ನೀವು ಕೇಳಿದ್ದರಲ್ಲಿ ‘ಮೊದಲು ಏನನ್ನು ಕಲಿಯಬೇಕು’ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ. ನೀರಿನ ಪರೀಕ್ಷೆಯನ್ನು ಕಲಿಯುವುದಕ್ಕೂ ಮೊದಲು ನೀರಿನ ನಡೆಯನ್ನು ಕಲಿಯಿರಿ. ಯಾವ ಹೊತ್ತಿನಲ್ಲಿ, ಯಾವ ಹರಿವಿನಲ್ಲಿ, ಎಷ್ಟು ಆಳದಿಂದ ತುಂಬಿಸಿದ ನೀರು ಎಂಬುದು ಬರೆದಿಲ್ಲದಿದ್ದರೆ ಬಾಟಲಿಯಲ್ಲಿರುವುದು ಎಲ್ಲಿಯದೋ ಒಂದಿಷ್ಟು ನೀರು, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳಿರುವುದರಿಂದ, ಕೆಳಭಾಗದಲ್ಲಿ ಬೇಸಿಗೆಯ ಹರಿವು ಮಳೆಗಿಂತ ಹೆಚ್ಚಾಗಿ ವಿದ್ಯುತ್ ಉತ್ಪಾದನೆಯನ್ನು ಅವಲಂಬಿಸಿರುತ್ತದೆ. ಬೆಳಿಗ್ಗೆ ಮೊಣಕಾಲುಮಟ್ಟ ಕಂಡ ಜಾಗದಲ್ಲಿ ಸಂಜೆ ಇಳಿಯಲಾಗದಷ್ಟು ನೀರು ಬಂದಿರಬಹುದು. ಅಘನಾಶಿನಿಗೆ ಅಂಥ ಅಣೆಕಟ್ಟುಗಳಿಲ್ಲ, ಅದು ಮಳೆಯ ಜೊತೆ ಏರಿ ಮಳೆಯ ಜೊತೆಯೇ ಇಳಿಯುತ್ತದೆ. ಈ ಎರಡು ನದಿಗಳ ಏಪ್ರಿಲ್ ತಿಂಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ಅಂಕಿಗಳನ್ನಷ್ಟೇ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಅಳಿವೆಗೆ ಬಂದರೆ ಉಬ್ಬರ–ಇಳಿತದ ಪಟ್ಟಿ ಕಿಸೆಯಲ್ಲಿರಲೇಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುವುದರಿಂದ ಹೊತ್ತು ದಿನದಿನಕ್ಕೂ ಮುಂದೆ ಸರಿಯುತ್ತದೆ. ಉಬ್ಬರ ಏರುವಾಗ ಕೊಳಚೆಯ ಕಾಲುವೆ ಸೇರುವ ಜಾಗದಲ್ಲಿ ನೀರು ತುಂಬಿಸಿದರೆ ನಿಮ್ಮ ಬಾಟಲಿಗೆ ಬರುವುದು ಬಹುಪಾಲು ಕಡಲ ನೀರು. ಇಳಿತದ ಕೊನೆಯಲ್ಲಿ ಅದೇ ಕಲ್ಲಿನ ಮೇಲೆ ನಿಂತು ತುಂಬಿಸಿದರೆ ಊರಿನ ಕೊಳಚೆಯ ನಿಜಸ್ಥಿತಿ ಗೊತ್ತಾಗುತ್ತದೆ. ಎರಡೂ ಸುಳ್ಳಲ್ಲ. ಆದರೆ ಹೊತ್ತು ಬರೆಯದ ವರದಿಯನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಓದಬಹುದು, ಓದುವುದನ್ನು ನಾನು ಕಂಡಿದ್ದೇನೆ. ಅಳಿವೆಯಲ್ಲಿ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಇರುವ ದಿನಗಳೂ ಉಂಟಾದ್ದರಿಂದ ಆಳವನ್ನೂ ನಮೂದಿಸಬೇಕು.

ಇನ್ನು ಕಾನೂನು. 1974ರ ಜಲ ಕಾಯ್ದೆಯ 21ನೇ ಕಲಮನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಕೆಲಸಕ್ಕಾಗಿ ಬಾಯಿಪಾಠ ಮಾಡಿಕೊಳ್ಳಿ. ಪ್ರತಿ ತಿಂಗಳು ನದಿಯಿಂದ ತೆಗೆಯುವ ಮಾದರಿಯೇ ಬೇರೆ, ಕಾರ್ಖಾನೆಯ ತ್ಯಾಜ್ಯ ನೀರಿನಿಂದ ನ್ಯಾಯಾಲಯಕ್ಕೆ ಸಾಕ್ಷ್ಯವಾಗಲೆಂದು ತೆಗೆಯುವ ಮಾದರಿಯೇ ಬೇರೆ. ಎರಡನೆಯದಕ್ಕೆ, ವಿಶ್ಲೇಷಣೆಗೆ ಕಳುಹಿಸುವ ಉದ್ದೇಶವಿದೆ ಎಂಬ ನೋಟಿಸನ್ನು ಅಲ್ಲಿಯೇ ಆಗಲೇ ಕೊಡಬೇಕು, ಮಾಲೀಕರ ಅಥವಾ ಅವರ ಪ್ರತಿನಿಧಿಯ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಬೇಕು, ಎರಡಕ್ಕೂ ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು, ತಡಮಾಡದೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅವರು ಬೇಕೆಂದೇ ತಪ್ಪಿಸಿಕೊಂಡರೆ ನೀವೊಬ್ಬರೇ ಮೊಹರು ಹಾಕಿ ಸಹಿ ಮಾಡಿ, ಅವರ ಗೈರುಹಾಜರಿಯನ್ನು ವಿಶ್ಲೇಷಕರಿಗೆ ಲಿಖಿತವಾಗಿ ತಿಳಿಸಬೇಕು. ಈ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ನೀರು ಎಷ್ಟೇ ಕೆಟ್ಟಿದ್ದರೂ ಆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಎದುರಿನ ವಕೀಲರು ಮೊದಲು ಹುಡುಕುವುದು ರಾಸಾಯನಿಕ ಅಂಕಿಯನ್ನಲ್ಲ, ಸಹಿ ಮತ್ತು ಸಮಯವನ್ನು.

ಒಂದು ಸಂಗತಿ ಹೊಸಬರನ್ನು ಬಹಳ ಗೊಂದಲಕ್ಕೆ ಕೆಡಹುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನದಿಗೆ ಬಿಡುವ ತ್ಯಾಜ್ಯ ನೀರಿನ ಸಾಮಾನ್ಯ ಮಾನದಂಡದಲ್ಲಿ ಬಿಓಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂವರೆಗೆ ಇರಬಹುದು. ಜನ ಸ್ನಾನ ಮಾಡುವ ನದಿಯಲ್ಲಿ ಅದು 3 ಮಿಲಿಗ್ರಾಂ ಮೀರಬಾರದು. ನಡುವಿನ ಈ ಹತ್ತುಪಟ್ಟು ಅಂತರವನ್ನು ತುಂಬಬೇಕಾದದ್ದು ನದಿಯ ಹರಿವು. ಆಗಸ್ಟಿನಲ್ಲಿ ತುಂಬುತ್ತದೆ, ಮಾರ್ಚಿನಲ್ಲಿ ಹರಿವು ಸೊರಗಿದಾಗ ತುಂಬುವುದಿಲ್ಲ. ಹೀಗಾಗಿ ಕಾರ್ಖಾನೆಯ ಕಾಗದಪತ್ರವೆಲ್ಲ ಸರಿಯಾಗಿದ್ದೂ ಹೊಳೆ ಕೆಟ್ಟಿರುವ ಸ್ಥಿತಿ ಉಂಟಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಭಾಗಗಳಲ್ಲಿ ನಮ್ಮ ಕಾಳಿಯೂ ಇತ್ತು ಎಂಬುದನ್ನು ನೆನಪಿಡಿ. ಇಂಥ ನದಿಗೆ ಬೇಸಿಗೆಯ ತಪಾಸಣೆಯೇ ಮುಖ್ಯ. ಮಳೆಗಾಲದ ಒಳ್ಳೆಯ ಅಂಕಿ ಸೇರಿಸಿ ತೆಗೆದ ವಾರ್ಷಿಕ ಸರಾಸರಿಯಿಂದ ಯಾರೂ ಸಮಾಧಾನಪಟ್ಟುಕೊಳ್ಳಬಾರದು.

ಉತ್ತರ (ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು)

ಮೇಲಿನವರ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ದಂಡೆಯಲ್ಲಿಯೇ ರಾಸಾಯನಿಕ ಹಾಕಿ ಸ್ಥಿರಗೊಳಿಸಬೇಕು, ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಕೋಲಿಫಾರ್ಮ್ (ಮಲದ ಕೊಳಚೆ ಸೇರಿದ್ದನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯ ಬಾಟಲಿ ಕ್ರಿಮಿಶುದ್ಧವಾಗಿರಬೇಕು ಮತ್ತು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ನಮ್ಮ ಕೈಸೇರಬೇಕು. ಘಟ್ಟದ ರಸ್ತೆಯಲ್ಲಿ ಬಿಸಿಲಿಗೆ ಕಾದ ಜೀಪಿನ ಹಿಂಬದಿಯಲ್ಲಿ ಬಂದ ಬಾಟಲಿ ಹೊಳೆಯ ಸ್ಥಿತಿಯನ್ನು ಹೇಳುವುದಿಲ್ಲ.

ಅಳಿವೆಯ ನೀರಿನ ಸಿಓಡಿ (ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಅದು ಪರೀಕ್ಷೆಯಲ್ಲಿ ತಾನೂ ಉತ್ಕರ್ಷಣಗೊಂಡು ಅಂಕಿಯನ್ನು ಏರಿಸಿಬಿಡುವುದರಿಂದ, ಮಾದರಿಯ ಜೊತೆ ಲವಣಾಂಶದ ಅಳತೆಯೂ ಬಂದಿದ್ದರೆ ಮಾತ್ರ ನಾವು ಸರಿಯಾದ ಕ್ರಮ ಅನುಸರಿಸಬಲ್ಲೆವು. ಹಾಗೆಯೇ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಶುದ್ಧ ಕಡಲ ನೀರಿನಲ್ಲಿ 30 ಡಿಗ್ರಿ ಉಷ್ಣತೆಗೆ ಆರು ಮಿಲಿಗ್ರಾಂ ಕಂಡರೆ ಅದು ಮಾಲಿನ್ಯವಲ್ಲ, ಆ ನೀರಿನ ಸಾಮರ್ಥ್ಯವೇ ಹೆಚ್ಚುಕಡಿಮೆ ಅಷ್ಟು.

ಉತ್ತರ (ಅಘನಾಶಿನಿ ದಂಡೆಯ ಊರಿನವರು)

ಮಗಳೇ, ನಾನು ಅಧಿಕಾರಿಯಲ್ಲ. ನಮ್ಮ ಮನೆಯ ಹೆಂಗಸರು ತಲೆಮಾರುಗಳಿಂದ ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು, ಚಿಪ್ಪಿಕಲ್ಲು ಆರಿಸಿದವರು. ಗಂಡಸರು ಗಜನಿಯಲ್ಲಿ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಬೆಳೆ ತೆಗೆದ ಮೇಲೆ ಅಲ್ಲಿಯೇ ಸಿಗಡಿ ಹಿಡಿದವರು. ನೀರು ಕೆಟ್ಟಾಗ ನಮಗೆ ಮೊದಲು ಗೊತ್ತಾಗುವುದು ಕಾಲಿಗೆ. ಕೆಸರಿನ ವಾಸನೆ ಬದಲಾಗುತ್ತದೆ, ಚಿಪ್ಪು ಬಾಯಿ ತೆರೆದು ಸತ್ತಿರುತ್ತದೆ, ಚರ್ಮ ತುರಿಸುತ್ತದೆ. ಕಚೇರಿಯಿಂದ ಬಂದವರು ಸೇತುವೆಯ ಮೇಲೆ ನಿಂತು ಹಗ್ಗಕ್ಕೆ ಬಾಟಲಿ ಕಟ್ಟಿ ನೀರು ಎತ್ತಿಕೊಂಡು ಹೋಗುತ್ತಾರೆ, ಕೆಳಗೆ ನೀರಿನಲ್ಲಿ ನಿಂತವಳನ್ನು ಒಂದು ಮಾತು ಕೇಳುವುದಿಲ್ಲ. ನೀನು ಕೇಳು. ಯಾವ ದಿನದಿಂದ, ಯಾವ ಕಡೆಯಿಂದ, ಮಳೆಗೆ ಮುಂಚೆಯೋ ನಂತರವೋ ಎಂದು ಕೇಳಿದರೆ ನಮ್ಮವರು ತಿಥಿ ಸಮೇತ ಹೇಳುತ್ತಾರೆ, ಏಕೆಂದರೆ ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಇಳಿತ ನೋಡಿಕೊಂಡೇ ಅವರ ದುಡಿಮೆ.

ಅದರ ಜೊತೆಗೆ, ನಾವು ಹೇಳಿದ್ದೆಲ್ಲ ಮಾಲಿನ್ಯವೇ ಎಂದೂ ತಿಳಿಯಬೇಡ. ಆಷಾಢದ ದೊಡ್ಡ ನೆರೆ ಬಂದು ಅಳಿವೆಯ ಉಪ್ಪು ಪೂರ್ತಿ ತೊಳೆದುಹೋದಾಗ ಚಿಪ್ಪು ತಾನಾಗಿ ಸಾಯುವುದುಂಟು. ಊರಿನ ಕಿರಿಯರು ಅದನ್ನೂ ಯಾರದೋ ತಲೆಗೆ ಕಟ್ಟುತ್ತಾರೆ. ಹಿರಿಯ ಹೆಂಗಸರನ್ನು ಕೇಳಿದರೆ ಎರಡಕ್ಕೂ ಇರುವ ವ್ಯತ್ಯಾಸ ಹೇಳುತ್ತಾರೆ. 2024ರಲ್ಲಿ ನಮ್ಮ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಹೊರಗಿನವರ ಓಡಾಟ ಹೆಚ್ಚಿದೆ, ಸಂತೋಷವೇ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಜೊತೆಗೆ ಅದರ ಬುಡದಲ್ಲಿ ದುಡಿಯುವವರ ಹೆಸರೂ ಕಡತದಲ್ಲಿ ಇರಲಿ ಎಂಬುದು ನಮ್ಮ ಆಸೆ.

ಉತ್ತರ (ಶಿರಸಿ, ಕೆರೆಗಳ ಕೆಲಸದಲ್ಲಿ ತೊಡಗಿದವರು)

ಎಲ್ಲರೂ ಕರಾವಳಿಯದನ್ನೇ ಹೇಳಿದ್ದರಿಂದ ಘಟ್ಟದ ಮೇಲಿನದನ್ನು ನಾನು ಹೇಳುತ್ತೇನೆ. ಕೆರೆಯ ವಿಷಯದಲ್ಲಿ ಅರ್ಧ ಶ್ರಮ ‘ಇದು ಯಾರ ಕೆರೆ’ ಎಂದು ಪತ್ತೆ ಮಾಡುವುದಕ್ಕೇ ಹೋಗುತ್ತದೆ. ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) 40 ಹೆಕ್ಟೇರ್‌ವರೆಗಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ, ಪೇಟೆಯೊಳಗಿನವು ನಗರಸಭೆ–ಪುರಸಭೆಗೆ, ಒತ್ತುವರಿಯಾದರೆ ತಹಶೀಲ್ದಾರರಿಗೆ ಮತ್ತು ಭೂಮಾಪಕರಿಗೆ, ನೀರು ಕೆಟ್ಟರೆ ನಿಮಗೆ. ಶಿರಸಿಯ ಕೋಟೆಕೆರೆ, ದೇವಿಕೆರೆಗಳಂಥ ಪೇಟೆಯ ನಡುವಿನ ಕೆರೆಗಳಿಗೆ ಬರುವ ಮಳೆನೀರಿನ ಕಾಲುವೆಯನ್ನು ಮೇಲ್ಗಡೆಯವರೆಗೂ ನಡೆದು ನೋಡದೆ ಕೆರೆಯ ದಂಡೆಯಲ್ಲಿ ನಿಂತು ಏನೂ ತೀರ್ಮಾನಿಸಲಾಗದು. ಬೇಸಿಗೆಯಲ್ಲಿಯೂ ಆ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ; ಅಲ್ಲಿಂದ ಮೇಲಕ್ಕೆ ಯಾವ ಮನೆಯ, ಯಾವ ಹೋಟೆಲಿನ ಪೈಪು ಸೇರಿದೆ ಎಂದು ಹುಡುಕುವುದೇ ನಿಮ್ಮ ತಪಾಸಣೆ. ಹಸಿರುಗಟ್ಟಿದ ಕೆರೆಗೆ ಮಧ್ಯಾಹ್ನ ಹೋದರೆ ಪಾಚಿಯ ದಯೆಯಿಂದ ಆಮ್ಲಜನಕ ಧಾರಾಳವಾಗಿ ಕಾಣುತ್ತದೆ. ರಾತ್ರಿ ಅದು ಇಳಿಯುತ್ತ ಹೋಗಿ, ಮೀನು ಸಾಯುವುದು ಬೆಳಗಿನ ಜಾವ. ಆದ್ದರಿಂದ ಸೂರ್ಯ ಹುಟ್ಟುವ ಮುನ್ನ ಅಳೆಯಿರಿ.

ತೋಟದ ಸೀಮೆಯ ಇನ್ನೊಂದು ಸಂಗತಿ ಕಡತಗಳಲ್ಲಿ ಕಡಿಮೆ ಕಾಣುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಹಾಗೂ ಮಳೆಯ ಬಿಡುವಿನಲ್ಲಿ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಒಂದು ಕಿಲೋ ಸುಣ್ಣ, ಹೊಡೆಯುತ್ತೇವೆ. ತಾಮ್ರ ಜಲಚರಗಳಿಗೆ ವಿಷ. ಉಳಿದ ದ್ರಾವಣವನ್ನು ಚೆಲ್ಲಿ, ಡ್ರಮ್ಮು–ಪಂಪುಗಳನ್ನು ಹಳ್ಳದಲ್ಲಿ ತೊಳೆದರೆ ಕೆಳಗಿನ ಗುಂಡಿಯ ಮೀನು, ಏಡಿ ಉಳಿಯುವುದಿಲ್ಲ. ಇದಕ್ಕೆ ನೋಟಿಸು ಕೊಡಲು ಹೋದರೆ ಇಡೀ ಸೀಮೆಗೇ ಕೊಡಬೇಕಾಗುತ್ತದೆ. ಮೇ ತಿಂಗಳಲ್ಲಿ ಸೊಸೈಟಿಯ ಸಭೆಗೆ ಬಂದು, ತೊಳೆದ ನೀರನ್ನು ಹಳ್ಳದಿಂದ ದೂರದ ಇಂಗುಗುಂಡಿಗೆ ಬಿಡಿ ಎಂದು ಹತ್ತು ನಿಮಿಷ ತಿಳಿಸಿ ಹೇಳುವ ಅಧಿಕಾರಿಯ ಮಾತನ್ನು ಬೆಳೆಗಾರರು ಕೇಳುತ್ತಾರೆ. ನಾನೂ ಬೆಳೆಗಾರನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಉತ್ತರ (ಈಗ ಸೇವೆಯಲ್ಲಿರುವ ಮಹಿಳಾ ಅಧಿಕಾರಿ)

ತಂಗಿ, ನಿಮ್ಮ ಮನೆಯವರ ಆತಂಕಕ್ಕೆ ಉತ್ತರಿಸುತ್ತೇನೆ. ನಾವು ಒಬ್ಬರೇ ಹೋಗುವುದಿಲ್ಲ, ಹೋಗಲೂ ಬಾರದು. ಸಾಕ್ಷ್ಯದ ದೃಷ್ಟಿಯಿಂದಲೂ ಜೊತೆಯಲ್ಲಿ ಒಬ್ಬ ಸಿಬ್ಬಂದಿ, ಸಾಧ್ಯವಿದ್ದರೆ ಊರಿನ ಒಬ್ಬ ಪಂಚ (ಸಾಕ್ಷಿದಾರ) ಇರುವುದು ಒಳ್ಳೆಯದು. ರಾತ್ರಿ ಕೊಳಚೆ ಬಿಡುತ್ತಾರೆಂಬ ದೂರಿನ ಮೇಲೆ ಹೋಗುವುದಾದರೆ ಠಾಣೆಗೆ ಮೊದಲೇ ತಿಳಿಸಿ ಹೋಗುತ್ತೇವೆ. ನನಗೆ ಜನರಿಗಿಂತ ಹೆಚ್ಚು ಎಚ್ಚರ ಬೇಕೆನಿಸಿದ್ದು ಕಾಯಿಲೆಗಳ ಬಗ್ಗೆ. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದರೆ ಬೂಟಿಲ್ಲದೆ ಕೊಳಚೆ ನೀರಿಗಿಳಿಯಬೇಡಿ, ಇಲಿಜ್ವರದ ಭಯವಿದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಸಿದ್ದಾಪುರ, ಶಿರಸಿ ಕಡೆಯ ಕಾಡಿನೊಳಗಿನ ಹಳ್ಳಗಳಿಗೆ ಹೋಗುವಾಗ ಮಂಗನ ಕಾಯಿಲೆಯ ಉಣ್ಣೆಗಳಿಂದ ರಕ್ಷಣೆಗೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಂಡು ಹೋಗಿ.

ಒತ್ತಡದ ಬಗ್ಗೆ ಕೇಳಿದಿರಿ. ದೂರವಾಣಿ ಬರುತ್ತದೆ, ‘ಸ್ವಲ್ಪ ನೋಡಿಕೊಳ್ಳಿ’ ಎಂಬ ಮಾತು ಬರುತ್ತದೆ. ಹಲವು ಸಲ ಕೊಳಚೆ ಬಿಡುತ್ತಿರುವವರು ಖಾಸಗಿಯವರಲ್ಲ, ಸ್ಥಳೀಯ ಸಂಸ್ಥೆಗಳೇ ಆಗಿರುತ್ತವೆ. ನಾಳೆ ಅವರ ಜೊತೆಯೇ ಸಭೆಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ನಾನು ಪಾಲಿಸುವುದು ಇಷ್ಟು: ಸ್ಥಳದಲ್ಲಿಯೇ ತಪಾಸಣಾ ಟಿಪ್ಪಣಿ ಬರೆದು ಅಲ್ಲಿದ್ದವರ ಸಹಿ ಪಡೆಯುತ್ತೇನೆ, ದಿನಾಂಕ–ಸಮಯ–ಸ್ಥಳ ನಮೂದಾದ ಛಾಯಾಚಿತ್ರ ತೆಗೆಯುತ್ತೇನೆ, ಅದೇ ಸಂಜೆ ವರದಿಯನ್ನು ಮೇಲಿನ ಕಚೇರಿಗೆ ಕಳುಹಿಸಿಬಿಡುತ್ತೇನೆ. ಘಟಕ ಮುಚ್ಚಿಸುವ, ವಿದ್ಯುತ್ ಕಡಿತಗೊಳಿಸುವ, ಜಲ ಕಾಯ್ದೆಯ 33ಎ ಕಲಮಿನ ನಿರ್ದೇಶನ ಹೊರಡುವುದು ಮಂಡಳಿಯಿಂದ, ಕ್ಷೇತ್ರದ ಅಧಿಕಾರಿಯ ಕೈಯಿಂದಲ್ಲ. ದೂರವಾಣಿ ಮಾಡಿದವರಿಗೆ ನಾನು ಇದನ್ನೇ ವಿನಯದಿಂದ ಹೇಳುತ್ತೇನೆ. ವರದಿ ಆಗಲೇ ಹೋಗಿರುವುದರಿಂದ ಅವರಿಗೂ ಹೆಚ್ಚು ಹೇಳಲು ಉಳಿದಿರುವುದಿಲ್ಲ. ದೂರು ಕೊಟ್ಟ ಹಳ್ಳಿಯವರಿಗೆ ವರದಿಯಲ್ಲಿ ಏನು ಬಂತೆಂದು ತಿಳಿಸುವುದನ್ನು ಮಾತ್ರ ಎಂದೂ ಬಿಡಬೇಡಿ. ಮಾಲಿನ್ಯ ಕಂಡುಬಂದಿಲ್ಲ ಎಂಬ ಫಲಿತಾಂಶವಾದರೂ ಸರಿಯೇ, ಯಾವ ಹೊತ್ತಿನ ನೀರಿಗೆ ಹಾಗೆ ಬಂತು ಎಂದು ವಿವರಿಸಿ ಹೇಳಿ. ಅದು ತಪ್ಪು ಹೊತ್ತು ಎಂದು ಅವರಿಗೆ ಅನಿಸಿದರೆ ಸರಿಯಾದ ಹೊತ್ತನ್ನು ಅವರೇ ತಿಳಿಸುತ್ತಾರೆ, ನೀವು ಇನ್ನೊಮ್ಮೆ ಹೋಗಬಹುದು.