ಕೊರಿಯಾದಲ್ಲೂ ಅಪ್ಪ ಅಂದರೆ ಅಪ್ಪನೇ, ಹಾಗಾದರೆ ನಾವು ನೆಂಟರಾ?

ಮಗಳಿಗೆ ಕೊರಿಯನ್ ಧಾರಾವಾಹಿಗಳ ಹುಚ್ಚು. ಅಲ್ಲೂ ಅಪ್ಪನಿಗೆ 'ಅಪ್ಪ' ಅನ್ನುತ್ತಾರೆ, ಕೊರಿಯನ್ ನಮ್ಮ ಭಾಷೆಯಿಂದಲೇ ಬಂದಿದ್ದು ಅಂತ ವಾದ. ವಾಟ್ಸಾಪಿನಲ್ಲೂ ಇಂಥ ಪಟ್ಟಿ ಓಡಾಡುತ್ತಿದೆ. ಈಗ ಶಾಲೆಯಲ್ಲಿ ಇದರ ಮೇಲೇ ಭಾಷಣ ಮಾಡುತ್ತಾಳಂತೆ. ನಿಜವೋ ಸುಳ್ಳೋ ಅಂತ ನೋಡುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುವೋನ್, ಕೊರಿಯಾ:
ಇಲ್ಲಿ ಪಾರ್ಕಿನಲ್ಲಿ ಯಾವ ಮಗು 'ಅಪ್ಪಾ' ಅಂದರೂ ನಾನು ತಿರುಗಿ ನೋಡುತ್ತೇನೆ! ಅವರ 'ಪ್ಪ' ಬಿಗಿ. ಅದನ್ನೇ ಉಸಿರು ಬಿಟ್ಟು 'ಅಫಾ' ಅಂದರೆ 'ನೋಯುತ್ತಿದೆ' ಅಂತ ಅರ್ಥ. ಬಿದ್ದ ಮಗು ಅಪ್ಪನನ್ನು ಕರೆಯುತ್ತಿದೆಯೋ, ನೋವು ಹೇಳುತ್ತಿದೆಯೋ ತಿಳಿಯಲು ಕಿವಿ ಪಳಗಬೇಕು. ಇದು ಮನೆಮಾತು, ಗೌರವದ ಮಾತು 'ಅಬೊಜಿ'. ಮಗಳಿಗೆ ಅಪ್ಪ ಅಮ್ಮ ಬಿಟ್ಟು ಕಣ್ಣು, ಮೂಗು, ಕೈ ಹೋಲಿಸಲು ಹೇಳಿ. ಇಲ್ಲಿ ನುನ್, ಖೊ, ಸೋನ್. ಒಂದು, ಎರಡು, ಮೂರು ಅಂದರೆ ಹನಾ, ತುಲ್, ಸೆತ್. ನೆಂಟಸ್ತಿಕೆ ಅಲ್ಲೇ ಮುಗಿಯಿತು ಅಲ್ವಾ?

ಪುತ್ತೂರು:
ಕೊರಿಯಾ ತನಕ ಯಾಕೆ ಹೋಗಬೇಕು? ನಮ್ಮ ತುಳುವಿನಲ್ಲಿ 'ಅಪ್ಪೆ' ಅಂದರೆ ತಾಯಿ, 'ಅಮ್ಮೆ' ಅಂದರೆ ತಂದೆ. ಕನ್ನಡದ ಒಡಹುಟ್ಟಿದ ಭಾಷೆಯಲ್ಲೇ ಉಲ್ಟಾ! ಘಟ್ಟದ ಮೇಲಿನಿಂದ ಬಂದ ಸೊಸೆಯಂದಿರಿಗೆ ಶುರುವಿನಲ್ಲಿ ಫಜೀತಿ. ಇನ್ನು ಜಾರ್ಜಿಯಾ ದೇಶದಲ್ಲಿ 'ಮಾಮಾ' ಅಂದರೆ ಅಪ್ಪ, 'ದೆದಾ' ಅಂದರೆ ಅಮ್ಮ.

ಮೈಸೂರು (ಭಾಷಾವಿಜ್ಞಾನ ಓದಿದವಳು):
ಅಪ್ಪ, ಅಮ್ಮ, ಹೀಬ್ರೂವಿನ 'ಅಬ್ಬಾ', ಟರ್ಕಿಯ 'ಬಾಬಾ' ಎಲ್ಲ ತುಟಿ ಕೂಡಿಸಿದರೆ ಹುಟ್ಟುವ ಸದ್ದುಗಳು. ಮಗುವಿಗೆ ಮೊದಲು ಬರುವುದೇ ಇವು. ಅದು ಸುಮ್ನೆ ಗುನುಗುತ್ತದೆ, ನಮ್ಮನ್ನೇ ಕರೆಯಿತು ಅಂತ ನಾವು ಹಿಗ್ಗುತ್ತೇವೆ. 1960ರಲ್ಲಿ ರೋಮನ್ ಯಾಕಬ್ಸನ್ ಅನ್ನುವ ಭಾಷಾವಿಜ್ಞಾನಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಹಾಗಾಗಿ ನೆಂಟಸ್ತಿಕೆ ಹುಡುಕುವಾಗ ಈ ಪದಗಳನ್ನು ಪಕ್ಕಕ್ಕಿಡುವುದೇ ವಾಸಿ. ನಿಜವಾದ ನೆಂಟರಲ್ಲಿ ಸದ್ದು ಬದಲಾಗುವುದಕ್ಕೂ ಒಂದು ಕ್ರಮ ಇರುತ್ತದೆ. ನಮ್ಮ ಹುಲಿ, ಹಲ್ಲು, ಹತ್ತು ತಮಿಳಿನಲ್ಲಿ ಪುಲಿ, ಪಲ್, ಪತ್ತು. ಹಳೆಗನ್ನಡದಲ್ಲಿ ನಮ್ಮದೂ 'ಪುಲಿ'ಯೇ. ಕೊರಿಯನ್ ಜೊತೆ ಇಂಥ ಕ್ರಮ ಸಿಕ್ಕಿಲ್ಲ. ವಾಟ್ಸಾಪಿಗಿಂತ ಎಷ್ಟೋ ಮೊದಲು, 1905ರಲ್ಲೇ, ಹೋಮರ್ ಹಲ್ಬರ್ಟ್ ಅನ್ನುವ ಅಮೆರಿಕದವರು ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದಿದ್ದರು. ವಿದ್ವಾಂಸರು ಒಪ್ಪಲಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮಗಳ ಮುಖ ಸಪ್ಪಗಾಗಿತ್ತು, ತುಳುವಿನ 'ಅಮ್ಮೆ' ಕೇಳಿದ ಮೇಲೆ ಗೆಲುವಾಯಿತು. ಭಾಷಣ ಅಲ್ಲಿಂದಲೇ ಶುರು ಮಾಡುತ್ತಾಳಂತೆ. ಪುತ್ತೂರಿನವರೇ, ನಿಮ್ಮಲ್ಲಿ ಹುಲಿಗೆ ಏನನ್ನುತ್ತಾರೆ?

ಪುತ್ತೂರು:
ಪಿಲಿ. ದಸರಾದಲ್ಲಿ ಮಂಗಳೂರಿಗೆ ಬನ್ನಿ, ಪಿಲಿವೇಷ ತೋರಿಸೋಣ.