ಸ್ನೋ ಥ್ರೋವರ್ ಸ್ವಿಚ್ ಹೋಗಿದೆ, ವೈರಿಂಗ್ ಗೊತ್ತಿರೋರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ, ಒಂದು ಸಹಾಯ ಬೇಕಿತ್ತು. ನಮ್ಮನೇಲಿ ವೈರ್ ಹಾಕಿ ಓಡ್ಸೋ ಎಲೆಕ್ಟ್ರಿಕ್ ಸ್ನೋ ಥ್ರೋವರ್ (ಹಿಮ ಎತ್ತಿ ದೂರ ಎಸೆಯೋ ಮಷಿನ್) ಇದೆ, 15 ಆಂಪ್ ಮೋಟರ್. ಹೋದ ವಾರದಿಂದ ಬಟನ್ ಒತ್ತಿ ಲಿವರ್ ಎಳೆದ್ರೆ ಒಂದ್ಸಲ ಸ್ಟಾರ್ಟ್ ಆಗತ್ತೆ, ಇನ್ನೊಂದ್ಸಲ ಸತ್ತಂಗೆ ಬಿದ್ದಿರತ್ತೆ, ಹ್ಯಾಂಡಲ್ ಅಲ್ಲಾಡಿಸಿದ್ರೆ ಮತ್ತೆ ಗುರ್ ಅಂತಿತ್ತು, ಇವತ್ತು ಅದೂ ಇಲ್ಲ. ಮೊಣಕಾಲುದ್ದ ಹಿಮ ಬಿದ್ದಿರೋ ದಿನಾನೇ ಕೈಕೊಡ್ಬೇಕಾ ಇದು!

ಪ್ಲಗ್ ಕಿತ್ತು ಸ್ವಿಚ್ ಬಾಕ್ಸ್ ಬಿಚ್ಚಿದೆ. ಒಳಗೆ ನೀರಿನ ಪಸೆ, ಒಂದು ಟರ್ಮಿನಲ್ ಕರ್ರಗಾಗಿದೆ, ಪಕ್ಕದ ಪ್ಲಾಸ್ಟಿಕ್ಕೂ ಸ್ವಲ್ಪ ಕರಗಿದೆ. ವೈರ್ ಬಿಡಿಸಿ ಮಲ್ಟಿಮೀಟರಲ್ಲಿ ಕಂಟಿನ್ಯುಟಿ (ಕರೆಂಟ್ ಹರಿಯೋ ದಾರಿ ಕೂಡಿದೆಯಾ ಅಂತ) ನೋಡಿದ್ರೆ ಲಿವರ್ ಎಳೆದಾಗ ಒಂದು ಜೋಡಿ ಬೀಪ್ ಅನ್ನತ್ತೆ, ಇನ್ನೊಂದು ಜೋಡಿ ಅನ್ನಲ್ಲ, ಎಕ್ಸ್‌ಟೆನ್ಶನ್ ವೈರ್ ಬೇರೆ ಮಷಿನ್‌ಗೆ ಹಾಕಿ ನೋಡ್ದೆ ಸರಿಯಿದೆ, ಹಾಗಾಗಿ ಸ್ವಿಚ್ಚೇ ಅನ್ಕೊಂಡಿದೀನಿ.

ಈಗ ಡೌಟು ಏನಂದ್ರೆ, ನಾಲ್ಕು ಕಾಲಿನ ಡಬಲ್ ಪೋಲ್ ಸ್ವಿಚ್ (ಎರಡೂ ವೈರನ್ನ ಒಟ್ಟಿಗೆ ಆನ್ ಆಫ್ ಮಾಡೋದು) ಬೇರೆ ಕಂಪನೀದು, ಅದೇ ವೋಲ್ಟೇಜ್ ಆಂಪ್ ರೇಟಿಂಗ್ ಇದ್ರೆ ಹಾಕಬಹುದಾ, ಇಲ್ಲ ಒರಿಜಿನಲ್ಲೇ ಬೇಕಾ? ಸುಟ್ಟಿರೋ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡ್ಲಾ (ಇಕ್ಕಳದಲ್ಲಿ ಒತ್ತಿ ಕೂರಿಸೋದು), ಸೋಲ್ಡರ್ ಮಾಡ್ಲಾ? ನೀರು ಮತ್ತೆ ಒಳಗೋಗದಂಗೆ ನೀವೆಲ್ಲ ಏನ್ ಮಾಡ್ತೀರ?

ಸ್ವಿಚ್ ಬೈಪಾಸ್ ಮಾಡಿ ಡೈರೆಕ್ಟ್ ಕೊಡು ಅಂತ ಮಾತ್ರ ಹೇಳ್ಬೇಡಿ, ಒಬ್ಬ ಫ್ರೆಂಡ್ ಆಗ್ಲೇ ಹೇಳಿ ಬೈಸ್ಕೊಂಡಿದಾನೆ, ಕೈ ಬಿಟ್ಟ ತಕ್ಷಣ ನಿಲ್ಲೋದೇ ಅದ್ರ ಸೇಫ್ಟಿ ಅಲ್ವಾ. ಬಿಚ್ಚೋ ಮುಂಚೆ ವೈರ್‌ಗಳ ಫೋಟೋ ತೆಗೆದಿಟ್ಟಿದೀನಿ, ಬೇಕಂದ್ರೆ ಹಾಕ್ತೀನಿ.