ಕ್ಲಾಗ್ಸ್: ಕಾಲಿಗೆ ಹಾಕುವುದೋ, ಕಟ್ಟಿಕೊಳ್ಳುವುದೋ?

ಪುಟ್ಟಿ, ‘ಹೇರ್ ಕ್ಲಾಗ್ಸ್ ದಿ ಡ್ರೈನ್’ ಅಂತ ಪಾಠದಲ್ಲಿದೆ, ಡಿಕ್ಷನರಿ ನೋಡಿದರೆ ಮರದ ಷೂ ಅಂತಿದೆ, ಯಾವುದು ಸರಿ ಅಂತ ಕೇಳಿದ್ದೆಯಲ್ಲ? ಎರಡೂ ಸರಿ. ನನಗೆ ತುಂಬ ಇಷ್ಟದ ಪದ ಇದು. ಸ್ವಲ್ಪ ಉದ್ದವಾದರೂ ಪೂರ್ತಿ ಕೇಳು.

ಹಿಂದಿನ ಕಾಲದ ಇಂಗ್ಲಿಷರಿಗೆ ಕ್ಲಾಗ್ ಅಂದರೆ ದಪ್ಪ ಮರದ ಕೊರಡು. ದನವೋ ಕುದುರೆಯೋ ಓಡಿಹೋಗದಿರಲಿ ಅಂತ ಅದನ್ನು ಕಾಲಿಗೆ ಕಟ್ಟುತ್ತಿದ್ದರು. ನಡೆಯೋಕೆ ಅಡ್ಡಿ ಅಲ್ವಾ? ಹಾಗಾಗಿ ಅಡ್ಡಿ ಮಾಡು ಅನ್ನುವ ಅರ್ಥ ಬಂತು. ಬರುತ್ತಾ ಬರುತ್ತಾ ಅದು ಪೈಪಿಗೂ ಹೋಯಿತು. ಅದೇ ಮರ ಪಾದದಡಿ ಅಟ್ಟೆಯಾದಾಗ ಷೂಗೂ ಅದೇ ಹೆಸರು. ನಮ್ಮ ‘ಕಟ್ಟು’ ನೋಡು, ಅದೂ ಹೀಗೆಯೇ. ಕೊರಡನ್ನು ಕಾಲಿಗೆ ಕಟ್ಟಿದರು ಅನ್ನುತ್ತೇವೆ, ಮೂಗು ಕಟ್ಟಿದೆ ಅಂತಲೂ ಅನ್ನುತ್ತೇವೆ. ಇದು ಹೊಳೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ!

ನಿನ್ನ ಪಾಠದಲ್ಲಿರುವುದು ಕ್ರಿಯಾಪದ. ಕೂದಲು ಸೇರಿ ಮೋರಿ ಕಟ್ಟಿಕೊಳ್ಳುವಂತೆ ಮಾಡುತ್ತದೆ ಅಂತ. ಇಲ್ಲಿ ಕೊನೆಯ ‘ಸ್’ ಬಹುವಚನದ್ದಲ್ಲ. ‘ಎ ಪೇರ್ ಆಫ್ ಕ್ಲಾಗ್ಸ್’ ಅಂದಾಗ ಬಹುವಚನ. ಇನ್ನೊಂದು ಸೂಕ್ಷ್ಮ ಇದೆ. ರಸ್ತೆಗೆ ಮರ ಬಿದ್ದರೆ ಅದು ಬ್ಲಾಕ್. ಕೂದಲು, ಜಿಡ್ಡು, ಧೂಳು ಸ್ವಲ್ಪಸ್ವಲ್ಪವೇ ಸೇರಿ ದಾರಿ ಮುಚ್ಚಿದರೆ ಕ್ಲಾಗ್. ಗಾಡಿಗಳು ಒಂದರ ಹಿಂದೊಂದು ತುಂಬಿ ರಸ್ತೆ ನಿಂತುಹೋದರೂ ಕ್ಲಾಗ್ಡ್ ಅನ್ನುತ್ತಾರೆ.

ಷೂ ವಿಷಯಕ್ಕೆ ಬಂದರೆ, ನೆದರ್‌ಲ್ಯಾಂಡ್ಸ್‌ನವರು ಪಾಪ್ಲರ್ ಅಥವಾ ವಿಲೋ ಮರವನ್ನು ಕೊರೆದು ಇಡೀ ಷೂವನ್ನೇ ಮರದಲ್ಲಿ ಮಾಡುತ್ತಾರೆ. ಅದಕ್ಕೆ ಕ್ಲೋಂಪನ್ ಅಂತ ಹೆಸರು. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಅಟ್ಟೆ ಮಾತ್ರ ಮರ, ಮೇಲೆ ಚರ್ಮ, ಅಡಿಯಲ್ಲಿ ಕಬ್ಬಿಣದ ಪಟ್ಟಿ. ಹತ್ತಿ ಗಿರಣಿಯ ಕೆಲಸಗಾರರು ಇದನ್ನೇ ಹಾಕುತ್ತಿದ್ದರು. ಅದನ್ನು ಹಾಕಿ ಟಕಟಕ ಕುಣಿಯುವ ಕ್ಲಾಗ್ ಡ್ಯಾನ್ಸ್ ಕೂಡ ಇದೆ. ಚಾರ್ಲಿ ಚಾಪ್ಲಿನ್ ಹುಡುಗನಾಗಿದ್ದಾಗ ಅಂಥದೊಂದು ತಂಡದಲ್ಲಿ ಕುಣಿಯುತ್ತಿದ್ದ. ಈಗ ನರ್ಸ್‌ಗಳು, ಅಡುಗೆಯವರು ಹಾಕುವ, ಹಿಂದೆ ತೆರೆದ ಮೆತ್ತನೆಯ ಷೂಗಳಿಗೂ ಇದೇ ಹೆಸರು. ಮರ ಹೋದರೂ ಹೆಸರು ಉಳಿದಿದೆ.

ಬ್ರಿಟಿಷರ ಮಾತಿನಲ್ಲಿ ‘ಕ್ಲೆವರ್ ಕ್ಲಾಗ್ಸ್’ ಅಂದರೆ ಎಲ್ಲ ಗೊತ್ತು ಅನ್ನುವವರು. ಚುಚ್ಚುಮಾತು, ಟೀಚರಿಗೆ ಹೇಳಬೇಡ. ‘ಪಾಪ್ ಯುವರ್ ಕ್ಲಾಗ್ಸ್’ ಅಂದರೆ ಸಾಯುವುದು. ಸಲಿಗೆಯ ಮಾತು ಅದು. ಯಾರಾದರೂ ತಮ್ಮವರನ್ನು ಕಳೆದುಕೊಂಡು ಕೂತಿರುವಾಗ ಮಾತ್ರ ದಯವಿಟ್ಟು ಬಳಸಬೇಡ, ತುಂಬ ನೋವಾಗುತ್ತದೆ.